ಖೋಲಿ, ಖಾನಾವಳಿ, ಎಸ್.ಟಿ. ಬಸ್ಸು: ಸೊಲ್ಲಾಪುರ ಸೀಮೆಯಲ್ಲಿ ಕಾಲೇಜು ಗೆಳೆತನದ ಚರಿತ್ರೆ

ಸೊಲ್ಲಾಪುರದಲ್ಲಿ ಪದವಿ ಕಾಲೇಜು ಶುರುವಾದದ್ದು 1940ರಲ್ಲಿ. ಅದಕ್ಕೂ ಮುಂಚೆ ಅಕ್ಕಲಕೋಟೆ ಸೀಮೆಯ ಕನ್ನಡ ಹುಡುಗ ಮೆಟ್ರಿಕ್ ಮುಗಿಸಿ ಮುಂದೆ ಓದಬೇಕೆಂದರೆ ಪುಣೆ, ಮುಂಬಯಿ, ಕೊಲ್ಲಾಪುರ, ಸಾಂಗಲಿ, ಧಾರವಾಡ ಇವುಗಳಲ್ಲಿ ಯಾವುದಾದರೊಂದು ಊರಿಗೆ ಹೋಗಿ ಇರಲೇಬೇಕಿತ್ತು. ಇಂದು ಅದೇ ಹಳ್ಳಿಗಳ ಹುಡುಗ ಹುಡುಗಿಯರು ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮನೆ ಸೇರುತ್ತಾರೆ. ಈ ಎರಡು ಸ್ಥಿತಿಗಳ ನಡುವಿನ ನೂರು ವರ್ಷಗಳಲ್ಲಿ ಹೊಸ ವಿದ್ಯಾರ್ಥಿ ಯಾರ ಪಂಕ್ತಿಯಲ್ಲಿ ಉಂಡ, ಯಾರ ಪಕ್ಕ ಹಾಸಿಗೆ ಹಾಸಿದ, ಯಾರ ಜೊತೆ ದಾರಿ ಸವೆಸಿದ ಎಂಬುದು ಬದಲಾಗುತ್ತ ಬಂತು. ಅವನಿಗೆ ಸಿಕ್ಕ ಗೆಳೆಯರೂ ಅದರ ಜೊತೆಗೇ ಬದಲಾದರು. ಓದುವ ಜಾಗ ಮನೆಯಿಂದ ಎಷ್ಟು ದೂರ, ಆ ದೂರವನ್ನು ದಾಟುವ ಸಾಧನ ಯಾವುದು ಎಂಬ ಎರಡು ಸಂಗತಿಗಳೇ ಈ ಸೀಮೆಯ ವಿದ್ಯಾರ್ಥಿ ಸ್ನೇಹದ ರೂಪವನ್ನು ಹೆಚ್ಚಾಗಿ ನಿರ್ಧರಿಸಿವೆ.

ಎರಡು ಊರು, ನಾಲ್ಕು ನುಡಿ

ಸೊಲ್ಲಾಪುರ ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮನ ಊರು. 'ಕಪಿಲಸಿದ್ಧಮಲ್ಲಿಕಾರ್ಜುನ' ಎಂಬ ಅಂಕಿತದಲ್ಲಿ ಅವನು ಬರೆದ ವಚನಗಳ ಭಾಷೆ ಕನ್ನಡ. ಮರಾಠರ ಆಳ್ವಿಕೆ, ಆಮೇಲೆ ಮುಂಬಯಿ ಇಲಾಖೆಯ ಆಡಳಿತ ಬಂದ ಮೇಲೆ ಕಚೇರಿ ಮತ್ತು ಶಾಲೆಗಳಲ್ಲಿ ಮರಾಠಿ ನೆಲೆಯೂರಿತು. 1860ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು ಸೊಲ್ಲಾಪುರ ಮುಟ್ಟಿತು. 1870ರ ದಶಕದಲ್ಲಿ ಮೊದಲ ಬಟ್ಟೆ ಗಿರಣಿ ಎದ್ದಿತು. ಊರಿನವರು ಇದನ್ನು 'ಜುನೀ ಮಿಲ್' ಎಂದು ಕರೆದರು. ಗಿರಣಿ ಮತ್ತು ಕೈಮಗ್ಗದ ಕೆಲಸಕ್ಕೆ ತೆಲುಗು ಪದ್ಮಶಾಲಿ ನೇಕಾರರು ಬಂದರು, ಸುತ್ತಲಿನ ಕನ್ನಡ ಹಳ್ಳಿಗಳ ರೈತಾಪಿ ಜನ ಬಂದರು. ಉರ್ದು ಮಾತಾಡುವವರು ಮೊದಲಿನಿಂದಲೂ ಇದ್ದರು. ಹೀಗೆ ಒಂದೇ ಪೇಟೆಯ ಒಂದೇ ಓಣಿಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕೇಳಿಸುವ ನಗರ ರೂಪುಗೊಂಡಿತು.

ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನ. 1901ರ ಜನಗಣತಿಯ ಹೊತ್ತಿಗೆ ಅದರ ವಿಸ್ತಾರ 498 ಚದರ ಮೈಲಿ, ಜನಸಂಖ್ಯೆ 82,047. ಅರಮನೆಯ ದಫ್ತರ ಮರಾಠಿಯಲ್ಲಿ ನಡೆಯುತ್ತಿತ್ತು. ಹೊಲಗದ್ದೆಯ ಮಾತು ಬಹುಮಟ್ಟಿಗೆ ಕನ್ನಡದಲ್ಲಿತ್ತು. 1856ರ ಸುಮಾರಿಗೆ ಬಂದು 1878ರಲ್ಲಿ ಸಮಾಧಿಯಾಗುವವರೆಗೆ ಅಲ್ಲಿಯೇ ಇದ್ದ ಸ್ವಾಮಿ ಸಮರ್ಥರಿಂದ ಆ ಊರಿನ ಹೆಸರು ದೂರದೂರ ಹಬ್ಬಿತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಸೊಲ್ಲಾಪುರ ಜಿಲ್ಲೆಗೆ ಸೇರಿತು. ದುಧನಿ, ಮೈಂದರ್ಗಿ, ನಾಗಣಸೂರಿನಂಥ ಅಕ್ಕಲಕೋಟೆ ತಾಲೂಕಿನ ಊರುಗಳಲ್ಲಿ, ದಕ್ಷಿಣ ಸೊಲ್ಲಾಪುರ ತಾಲೂಕಿನ ಹಲವು ಹಳ್ಳಿಗಳಲ್ಲಿ ಮನೆಮಾತು ಇಂದಿಗೂ ಕನ್ನಡ. ಇಲ್ಲಿಂದ ಸೊಲ್ಲಾಪುರಕ್ಕೆ ಓದಲು ಹೊರಟ ಹುಡುಗನಿಗೆ ಗೆಳೆಯರನ್ನು ಹುಡುಕುವುದೆಂದರೆ ಮೊದಲು ಯಾವ ಭಾಷೆಯಲ್ಲಿ ಬಾಯಿ ತೆರೆಯಬೇಕು ಎಂಬ ಪ್ರಶ್ನೆಯೂ ಆಗಿತ್ತು.

ದೂರದೂರಿನ ವಾರದ ಊಟ

ಮುಂಬಯಿ ವಿಶ್ವವಿದ್ಯಾಲಯ 1857ರಲ್ಲಿ ಹುಟ್ಟಿತು. ಪುಣೆಯ ಫರ್ಗ್ಯುಸನ್ ಕಾಲೇಜು 1885ರಲ್ಲಿ, ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ, ಸಾಂಗಲಿಯ ವಿಲಿಂಗ್ಡನ್ ಕಾಲೇಜು 1919ರಲ್ಲಿ ಬಂದವು. ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದವರು ಉನ್ನತ ಶಿಕ್ಷಣಕ್ಕೆ ಊರು ಬಿಡುವುದು ರೂಢಿಯಾಯಿತು. ಮುಂದೆ ದೊಡ್ಡ ಉದ್ಯಮಿಯಾದ ವಾಲಚಂದ ಹಿರಾಚಂದರು ಸೊಲ್ಲಾಪುರದಲ್ಲಿ ಮೆಟ್ರಿಕ್ ಮುಗಿಸಿ ಮುಂಬಯಿಗೆ ಹೋದರು. ಚೀನಾದಲ್ಲಿ ಗಾಯಾಳುಗಳ ಸೇವೆ ಮಾಡುತ್ತ ತೀರಿಕೊಂಡ ಡಾ. ದ್ವಾರಕಾನಾಥ ಕೋಟ್ನಿಸ್ 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ವೈದ್ಯಕೀಯ ಓದಿದ್ದು ಮುಂಬಯಿಯಲ್ಲಿ.

ಅನುಕೂಲಸ್ಥರ ಮಕ್ಕಳಿಗೆ ಇದು ಹಣದ ಮಾತಾಗಿತ್ತು. ಬಡವರಿಗೆ ಊಟದ್ದೇ ಮೊದಲ ಪ್ರಶ್ನೆ. ಬಡ ಬ್ರಾಹ್ಮಣ ಹುಡುಗರು ವಾರದ ಏಳು ದಿನಕ್ಕೆ ಏಳು ಮನೆ ಹಿಡಿದು 'ವಾರ' ಉಣ್ಣುತ್ತಿದ್ದರು. ಸೋಮವಾರ ಒಬ್ಬ ವಕೀಲರ ಮನೆ, ಮಂಗಳವಾರ ಒಬ್ಬ ಮಾಸ್ತರರ ಮನೆ, ಹೀಗೆ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಜಂಗಮ ವಟುಗಳು ಮಠದಲ್ಲಿದ್ದು ಮನೆಮನೆಯಿಂದ ಕೋರಾನ್ನ ತಂದು ಹಂಚಿಕೊಂಡು ಉಣ್ಣುತ್ತಿದ್ದರು. ವಾರದ ಊಟದ ಹುಡುಗ ಏಳು ಮನೆಗೆ ಪರಿಚಿತನಾದರೂ ಉಣ್ಣುವುದು ಒಬ್ಬನೇ. ಅದರಿಂದ ಅವನಿಗೆ ಸಿಗುತ್ತಿದ್ದದ್ದು ಆಶ್ರಯದಾತರು. ಕೋರಾನ್ನದ ಹುಡುಗರಿಗೆ ಒಂದೇ ಜೋಳಿಗೆಯ ಅನ್ನದ ಜೊತೆ ಸಮವಯಸ್ಕರೂ ಸಿಕ್ಕರು. ಉಳಿದ ಜಾತಿಗಳ, ಅದರಲ್ಲೂ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಈ ಎರಡು ದಾರಿಯೂ ಮುಚ್ಚಿದ್ದವು. ಬೋರ್ಡಿಂಗುಗಳ ಚಳವಳಿ ಹುಟ್ಟಲು ಇದು ಮುಖ್ಯ ಕಾರಣ.

ಬೋರ್ಡಿಂಗುಗಳ ಕಾಲ

ಕೊಲ್ಲಾಪುರದ ಶಾಹು ಮಹಾರಾಜರು 1901ರಿಂದ ಒಂದರ ಹಿಂದೊಂದರಂತೆ ಬೇರೆ ಬೇರೆ ಸಮಾಜಗಳ ವಿದ್ಯಾರ್ಥಿ ವಸತಿಗೃಹಗಳಿಗೆ ನೆರವಾದರು. ಮರಾಠರದು, ಜೈನರದು, ಮುಸಲ್ಮಾನರದು, ವೀರಶೈವ ಲಿಂಗಾಯತರದು ಎಂದು ಪ್ರತ್ಯೇಕ ಬೋರ್ಡಿಂಗುಗಳು ಎದ್ದವು. ಕನ್ನಡ ನಾಡಿನಲ್ಲಿ ಧಾರವಾಡದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ 1883ರಿಂದಲೇ ವಿದ್ಯಾರ್ಥಿಗಳ ಕೈ ಹಿಡಿಯುತ್ತಿತ್ತು. ಅಲ್ಲಿನ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು 1917ರ ಹೊತ್ತಿಗೆ ಉಚಿತ ಪ್ರಸಾದ ನಿಲಯ ತೆರೆದರು. ವಿಜಯಪುರದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಹುಟ್ಟಿತು. 1884ರಲ್ಲಿ ಹೋಟಗಿಯಿಂದ ವಿಜಯಪುರದ ಮೇಲೆ ಗದಗಕ್ಕೆ ಮೀಟರ್‌ಗೇಜ್ ರೈಲು ಶುರುವಾಗಿದ್ದರಿಂದ ಸೊಲ್ಲಾಪುರ ಸೀಮೆಯ ಹುಡುಗರಿಗೆ ಈ ಊರುಗಳಿಗೆ ಹೋಗುವುದು ಸುಲಭವಾಗಿತ್ತು. ಹೋಟಗಿ ಸೊಲ್ಲಾಪುರದ ಮಗ್ಗುಲಿನ ಜಂಕ್ಷನ್. ಅಕ್ಕಲಕೋಟ ರೋಡ್ ಮತ್ತು ದುಧನಿ ನಿಲ್ದಾಣಗಳು ವಾಡಿಯ ದಾರಿಯಲ್ಲಿ ಬರುತ್ತವೆ.

ಸೊಲ್ಲಾಪುರ ನಗರದಲ್ಲಿ ಇದೇ ಕಾಲದ ಒಂದು ಮಹತ್ವದ ಪ್ರಯತ್ನ ಡಾ. ಅಂಬೇಡ್ಕರರದು. 1924ರಲ್ಲಿ ಮುಂಬಯಿಯಲ್ಲಿ ಅವರು ಸ್ಥಾಪಿಸಿದ ಬಹಿಷ್ಕೃತ ಹಿತಕಾರಿಣಿ ಸಭೆ 1925ರ ಜನವರಿಯಲ್ಲಿ ದಲಿತ ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ ಸೊಲ್ಲಾಪುರದಲ್ಲಿ ವಸತಿಗೃಹ ತೆರೆಯಿತು. ಊಟ, ಬಟ್ಟೆ, ಓದುಬರಹದ ಸಾಮಾನಿನ ಖರ್ಚನ್ನು ಸಭೆಯೇ ಹೊತ್ತಿತು. ನಗರಸಭೆ 40 ರೂಪಾಯಿ ಅನುದಾನ ಕೊಟ್ಟಿತು. ವಿದ್ಯಾರ್ಥಿಗಳದ್ದೇ 'ಸರಸ್ವತಿ ವಿಲಾಸ' ಎಂಬ ಮಾಸಿಕವೂ ನಡೆಯಿತು. ಬೇರೆಲ್ಲೂ ಒಂದೇ ಪಂಕ್ತಿಯಲ್ಲಿ ಕೂರಲು ಜಾಗ ಸಿಗದ ಹುಡುಗರಿಗೆ ಒಂದು ಸೂರು, ಒಂದು ಓದಿನ ದೀಪ, ತಮ್ಮದೇ ಒಂದು ಪತ್ರಿಕೆ ಸಿಕ್ಕಿದ್ದವು.

ಬೋರ್ಡಿಂಗಿನ ದಿನಚರಿಯೇ ಗೆಳೆತನದ ಅಚ್ಚಾಗಿತ್ತು. ಬೆಳಗಿನ ಗಂಟೆ, ಸಾಮೂಹಿಕ ಪ್ರಾರ್ಥನೆ, ಸರದಿಯ ಮೇಲೆ ನೀರು ಸೇದುವುದು, ಕಸ ಗುಡಿಸುವುದು, ಬಡಿಸುವುದು. ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಲೆಕ್ಕ ಹೇಳಿಕೊಡಬೇಕು. ಹಳೆಯ ಪುಸ್ತಕ ಮುಂದಿನ ವರ್ಷದವನಿಗೆ ದಾಟಬೇಕು. ಇಲ್ಲಿ ಹುಟ್ಟಿದ ಸ್ನೇಹ ಬಿಗಿಯಾದದ್ದು. ಆದರೆ ಅದರ ಸುತ್ತ ಜಾತಿಯ ಗೋಡೆ ಇತ್ತು. ಹಳ್ಳಿಯಿಂದ ಬಂದ ಲಿಂಗಾಯತ ಹುಡುಗ ಲಿಂಗಾಯತರ ನಡುವೆ, ಜೈನ ಹುಡುಗ ಜೈನರ ನಡುವೆ ವರ್ಷಗಟ್ಟಲೆ ಕಳೆದು ಹೊರಬರುತ್ತಿದ್ದ. ಕರ್ಮವೀರ ಭಾವುರಾವ ಪಾಟೀಲರು 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರನ್ನು ಒಂದೇ ಅಡುಗೆಮನೆಗೆ ಸೇರಿಸಿ ಛತ್ರಪತಿ ಶಾಹು ಬೋರ್ಡಿಂಗ್ ನಡೆಸಿದ್ದು ಈ ಗೋಡೆಯನ್ನು ಕೆಡವಲೆಂದೇ.

ನಗರದ ಬೀದಿಯಲ್ಲಿ ಆ ಗೋಡೆ ಅಷ್ಟು ಗಟ್ಟಿಯಾಗಿರಲಿಲ್ಲ. 1930ರ ಕಾಯ್ದೆಭಂಗ ಚಳವಳಿಯಲ್ಲಿ ಸೊಲ್ಲಾಪುರದ ಮೇಲೆ ಮಾರ್ಷಲ್ ಲಾ ಹೇರಲಾಯಿತು. 1931ರ ಜನವರಿ 12ರಂದು ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂಧೆ, ಕುರ್ಬಾನ್ ಹುಸೇನ್ ನಾಲ್ವರೂ ಬೇರೆ ಬೇರೆ ಸಮಾಜದವರು. 'ಚಾರ್ ಹುತಾತ್ಮ' ಎಂದು ನಗರ ಇಂದಿಗೂ ಅವರ ಹೆಸರನ್ನು ಒಟ್ಟಿಗೇ ಹೇಳುತ್ತದೆ.

ಕಾಲೇಜು ಊರಿಗೆ ಬಂದಾಗ

1940ರಲ್ಲಿ ದಯಾನಂದ ಆಂಗ್ಲೋ ವೇದಿಕ್ ಸಂಸ್ಥೆ ಸೊಲ್ಲಾಪುರದಲ್ಲಿ ಕಾಲೇಜು ತೆರೆಯಿತು. ಜನ ಅದನ್ನು ಮೊದಲು ಡಿ.ಎ.ವಿ. ಎಂದೂ ಆಮೇಲೆ ದಯಾನಂದ ಎಂದೂ ಕರೆದರು. 1953ರಲ್ಲಿ ಕಾಡಾದಿ ಮನೆತನದ ಮುಂದಾಳತ್ವದಲ್ಲಿ ಸಾತ್ ರಸ್ತಾ ಬಳಿ ಸಂಗಮೇಶ್ವರ ಕಾಲೇಜು ಬಂತು. 1962ರಲ್ಲಿ ವಾಲಚಂದ ಕಲಾ ಮತ್ತು ವಿಜ್ಞಾನ ಕಾಲೇಜು, 1963ರಲ್ಲಿ ವೈಶಂಪಾಯನ ಸ್ಮಾರಕ ವೈದ್ಯಕೀಯ ಕಾಲೇಜು ಸೇರಿದವು. ಇಪ್ಪತ್ತಮೂರು ವರ್ಷಗಳಲ್ಲಿ ಗಿರಣಿಯ ಊರು ಕಾಲೇಜಿನ ಊರೂ ಆಯಿತು. ಸೊಲ್ಲಾಪುರದಿಂದ ಹುಡುಗರು ಹೊರಗೆ ಹೋಗುವ ಬದಲು ಸುತ್ತಲಿನ ತಾಲೂಕುಗಳ ಹುಡುಗರು ಸೊಲ್ಲಾಪುರಕ್ಕೆ ಬರತೊಡಗಿದರು.

ಕನ್ನಡ ವಿದ್ಯಾರ್ಥಿಗಳ ಮಟ್ಟಿಗೆ ದಯಾನಂದ ಕಾಲೇಜಿನ ಒಂದು ನೇಮಕ ದೊಡ್ಡದು. 1943ರಲ್ಲಿ ಶಿವಮೊಗ್ಗದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ದ.ರಾ. ಬೇಂದ್ರೆ ಮರುವರ್ಷ, 1944ರಲ್ಲಿ, ಇಲ್ಲಿಗೆ ಕನ್ನಡ ಪ್ರಾಧ್ಯಾಪಕರಾಗಿ ಬಂದರು. 1956ರಲ್ಲಿ ನಿವೃತ್ತರಾಗುವವರೆಗೆ ಇಲ್ಲಿಯೇ ಕಲಿಸಿದರು. ಗೆಳೆತನವನ್ನೇ ಸಾಹಿತ್ಯದ ಸಂಸ್ಥೆಯಾಗಿ ಕಟ್ಟಿದವರು ಅವರು. 1920ರ ದಶಕದಲ್ಲಿ ಧಾರವಾಡದಲ್ಲಿ ಅವರ ಸುತ್ತ ಕೂಡಿದ 'ಗೆಳೆಯರ ಗುಂಪು' ಕನ್ನಡ ನವೋದಯದ ಒಂದು ಮುಖ್ಯ ನೆಲೆ. ಅವರಿಗೆ ಮರಾಠಿಯೂ ಕನ್ನಡದಷ್ಟೇ ಸಲೀಸು. ಮರಾಠಿಯಲ್ಲೂ ಪುಸ್ತಕ ಬರೆದರು. ಅದೇ ಕಾಲದಲ್ಲಿ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ.ಶ್ರೀ. ಮುಗಳಿ ಕನ್ನಡ ಕಲಿಸುತ್ತಿದ್ದರು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕೆ.ಜಿ. ಕುಂದಣಗಾರರು ಕಲಿಸಿದ್ದರು. ಮರಾಠಿ ನಗರಗಳ ಈ ಕನ್ನಡ ತರಗತಿಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಚಿಕ್ಕದು. ಆದರೆ ಬೇರೆ ಬೇರೆ ಹಳ್ಳಿ, ಬೇರೆ ಬೇರೆ ಜಾತಿಯ ಹುಡುಗರನ್ನು ಬೋರ್ಡಿಂಗು ಕೂಡಿಸದಿದ್ದರೂ ಕನ್ನಡದ ಪಾಠ ಒಂದು ಬೆಂಚಿನ ಮೇಲೆ ಕೂಡಿಸಿತು.

1950ರಲ್ಲಿ ಸೊಲ್ಲಾಪುರದಲ್ಲೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಎಂ.ಆರ್. ಶ್ರೀನಿವಾಸಮೂರ್ತಿ ಅಧ್ಯಕ್ಷರು. ಇದೇ ಊರಿನ ಜಯದೇವಿತಾಯಿ ಲಿಗಾಡೆಯವರ ಜೀವನ ಈ ಸೀಮೆಯ ಭಾಷೆಯ ಸ್ಥಿತಿಗೆ ಒಳ್ಳೆಯ ಉದಾಹರಣೆ. ಮನೆಯಲ್ಲಿ ಕನ್ನಡವಿದ್ದರೂ ಅವರ ಶಾಲೆ ಮರಾಠಿಯಲ್ಲಿ ನಡೆಯಿತು. ಕನ್ನಡವನ್ನು ಆಮೇಲೆ ತಾವೇ ಕಲಿತು ಸಿದ್ಧರಾಮನ ಮೇಲೆ ತ್ರಿಪದಿಯಲ್ಲಿ ಮಹಾಕಾವ್ಯ ಬರೆದರು. 1974ರ ಮಂಡ್ಯ ಸಮ್ಮೇಳನದಲ್ಲಿ ಅಧ್ಯಕ್ಷಪೀಠವೇರಿದ ಮೊದಲ ಮಹಿಳೆಯಾದರು.

ಖೋಲಿ ಮತ್ತು ಖಾನಾವಳಿ

ಕಾಲೇಜುಗಳ ಸಂಖ್ಯೆ ಬೆಳೆದಂತೆ ಬೋರ್ಡಿಂಗುಗಳಲ್ಲಿ ಎಲ್ಲರಿಗೂ ಜಾಗ ಸಾಲಲಿಲ್ಲ. ಹೆಚ್ಚಿನವರು ಬಾಡಿಗೆ ಖೋಲಿ ಹಿಡಿದರು. ಗಿರಣಿ ಕೆಲಸಗಾರರ ಚಾಳುಗಳಲ್ಲಿ, ಹಳೆಯ ವಾಡೆಗಳ ಹಿಂಭಾಗದಲ್ಲಿ, ಬಾಳಿವೇಸಿನಂಥ ಹಳೆಯ ಕೇರಿಗಳ ಮಾಳಿಗೆಯ ಮೇಲೆ ಒಂದೊಂದು ಖೋಲಿಯಲ್ಲಿ ಮೂರು ನಾಲ್ಕು ಜನ. ಮೊದಲ ವರ್ಷ ಈ ಮೂವರು ನಾಲ್ವರು ಸಾಮಾನ್ಯವಾಗಿ ಒಂದೇ ಊರಿನವರು ಅಥವಾ ಬೀಗರ ಕಡೆಯವರು. ಗಿರಣಿಯಲ್ಲಿದ್ದ ಸೋದರಮಾವನೋ ಚಿಕ್ಕಪ್ಪನೋ ಖೋಲಿ ಹುಡುಕಿಕೊಟ್ಟು ಠೇವಣಿಗೆ ಜಾಮೀನು ನಿಲ್ಲುತ್ತಿದ್ದ. ಎರಡನೆಯ ವರ್ಷಕ್ಕೆ ಜೋಡಿ ಬದಲಾಗುತ್ತಿತ್ತು. ಒಂದೇ ವಿಷಯ ಓದುವವರು, ಒಂದೇ ಹೊತ್ತಿಗೆ ಏಳುವವರು ಖೋಲಿ ಕೂಡಿಸಿಕೊಳ್ಳುತ್ತಿದ್ದರು. ಊರಿನ ನಂಟು ಕಳಚಿ ಆಯ್ಕೆಯ ಸ್ನೇಹ ಶುರುವಾಗುವುದು ಈ ಹಂತದಲ್ಲಿ. ಜೊತೆಗಿರುವವನಿಗೆ 'ಪಾರ್ಟನರ್' ಎಂಬ ಹೆಸರು ಮರಾಠಿ ಕನ್ನಡ ಎರಡರಲ್ಲೂ ಬಳಕೆಗೆ ಬಂತು.

ಊಟಕ್ಕೆ ಖಾನಾವಳಿ. ತಿಂಗಳ ಹಣ ಮುಂಗಡ, ದಿನಕ್ಕೆ ಎರಡು ಹೊತ್ತು. ರವಿವಾರ ಮಧ್ಯಾಹ್ನ ಸಿಹಿಯ ಊಟ, ಅದಕ್ಕೆ 'ಫೀಸ್ಟ್' ಎಂದು ಹೆಸರು, ರಾತ್ರಿ ಸುಟಿ. ಊರಿಗೆ ಹೋದ ದಿನಗಳನ್ನು 'ಖಾಡಾ' ಎಂದು ಬರೆಸಿ ಹಣ ಕಡಿತ ಮಾಡಿಸಿಕೊಳ್ಳುವುದು. ಖಾನಾವಳಿಗಳಲ್ಲೂ ಲಿಂಗಾಯತ, ಬ್ರಾಹ್ಮಣ, ಮರಾಠಾ ಎಂಬ ಬೋರ್ಡುಗಳಿದ್ದವು. ಆದರೆ ಬೋರ್ಡಿಂಗಿನಂತೆ ಇಲ್ಲಿ ಬಾಗಿಲಲ್ಲಿ ಜಾತಿ ಕೇಳುವವರು ಕಡಿಮೆ. ಜೋಳದ ರೊಟ್ಟಿ ಇಷ್ಟಪಡುವ ಮರಾಠಿ ಹುಡುಗ ಲಿಂಗಾಯತ ಖಾನಾವಳಿಗೆ ಬಂದ, ಮಟನ್ ಬೇಕೆಂದ ಕನ್ನಡ ಹುಡುಗ ಇನ್ನೊಂದಕ್ಕೆ ಹೋದ. ನಾಲಿಗೆಯ ರುಚಿ ಜಾತಿಯ ಪಂಕ್ತಿಯನ್ನು ಸದ್ದಿಲ್ಲದೆ ಕದಡಿತು.

ಹಳ್ಳಿಯ ಹುಡುಗನಿಗೆ ಮರಾಠಿ ನಿಜವಾಗಿ ಬಂದದ್ದು ತರಗತಿಗಿಂತ ಹೆಚ್ಚಾಗಿ ಇಂಥ ಕಡೆ. ಸೊಲ್ಲಾಪುರದ ಮರಾಠಿ ಪುಣೆಯ ಮರಾಠಿಗಿಂತ ಬೇರೆ. ಮಾತಿನ ಕೊನೆಗೆ ಹಚ್ಚುವ 'ಬೇ' ಈ ಊರಿನ ಗುರುತು. ಹೊರಗಿನ ಕಿವಿಗೆ ಒರಟಾಗಿ ಕೇಳಿಸಿದರೂ ಇಲ್ಲಿ ಅದು ಸಲಿಗೆಯ ಸಂಬೋಧನೆ. 'ಅಹೋ', 'ತುಮ್ಹಿ' ಎಂದು ಬಹುವಚನದಲ್ಲಿ ಮಾತಾಡಿಸುತ್ತಿದ್ದ ಸಹಪಾಠಿ ಒಂದು ದಿನ 'ಕಾಯ್ ಬೇ' ಎಂದರೆ ಹೊಸಬ ಬಳಗದೊಳಗೆ ಬಂದಂತೆ. ಕನ್ನಡದ ಹುಡುಗರ ನಡುವೆ 'ಏನ್ರಿ' ಹೋಗಿ 'ಏನಲೇ' ಬರುವುದಕ್ಕೆ ಇದು ಸಮ.

ಗಡಿಯ ವರ್ಷಗಳು

1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರಚನೆಯಾದಾಗ ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲಿಯೂ 1960ರ ಮೇ 1ರಿಂದ ಮಹಾರಾಷ್ಟ್ರದಲ್ಲಿಯೂ ಉಳಿದವು. ಗಡಿಯ ತಕರಾರು ಬಗೆಹರಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟು ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಕಡೆಯ ಊರುಗಳೂ ಸೇರಿ 247 ಹಳ್ಳಿಗಳನ್ನು ಆಗಿನ ಮೈಸೂರು ರಾಜ್ಯಕ್ಕೆ, ಎಂದರೆ ಇಂದಿನ ಕರ್ನಾಟಕಕ್ಕೆ, ಸೇರಿಸಲು ಶಿಫಾರಸು ಮಾಡಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. ಶಿಫಾರಸು ಕಾಗದದಲ್ಲೇ ಉಳಿಯಿತು.

ವಿದ್ಯಾರ್ಥಿಗಳ ಬದುಕಿಗೆ ಗಡಿಯ ರೇಖೆಗಿಂತ ಹೆಚ್ಚು ತಟ್ಟಿದ್ದು ಮಾಧ್ಯಮದ ಪ್ರಶ್ನೆ. ಮಹಾರಾಷ್ಟ್ರದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಮುಂದುವರಿದವು. 1967ರಲ್ಲಿ ಸ್ಥಾಪನೆಯಾದ ಪಠ್ಯಪುಸ್ತಕ ಮಂಡಳ 'ಬಾಲಭಾರತಿ' ಎಂಟು ಭಾಷೆಗಳಲ್ಲಿ ಪುಸ್ತಕ ಅಚ್ಚುಹಾಕುತ್ತದೆ. ಅದರಲ್ಲಿ ಕನ್ನಡವೂ ಒಂದು. ಹತ್ತನೆಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಕಾಲೇಜಿನಲ್ಲಿ ಮಾತ್ರ ಪಾಠ ಸಾಮಾನ್ಯವಾಗಿ ಮರಾಠಿಗೋ ಇಂಗ್ಲಿಷಿಗೋ ತಿರುಗುತ್ತದೆ. ಹಾಗಾಗಿ ಅಕ್ಕಲಕೋಟೆಯ ಹಳ್ಳಿಯಿಂದ ಬಂದವನಿಗೆ ಕಾಲೇಜಿನ ಮೊದಲ ವರ್ಷ ಎರಡು ಹೊರೆ: ಹೊಸ ವಿಷಯ, ಹೊಸ ಭಾಷೆ. 1970ರ ದಶಕದ ನಡುವೆ ಮಹಾರಾಷ್ಟ್ರ ಹತ್ತು ವರ್ಷ ಶಾಲೆ, ಎರಡು ವರ್ಷ ಜೂನಿಯರ್ ಕಾಲೇಜು, ಮೂರು ವರ್ಷ ಪದವಿ ಎಂಬ ಪದ್ಧತಿಗೆ ಬಂದಾಗ ಹನ್ನೊಂದನೆಯ ಇಯತ್ತೆ ಕಾಲೇಜಿಗೆ ಸೇರಿತು. ಈ ಹೊರೆ ಹೊರುವ ವಯಸ್ಸು ಹದಿನಾರಕ್ಕೆ ಇಳಿಯಿತು.

ಮೊದಲ ಗೆಳೆತನಗಳು ಈ ಹೊರೆಯ ಸುತ್ತಲೇ ಕಟ್ಟಿಕೊಂಡವು. ಮರಾಠಿ ಬಲ್ಲ ಸಹಪಾಠಿಯ ಟಿಪ್ಪಣಿ ವಹಿ ಎರವಲು ಪಡೆಯುವುದು, ಪ್ರತಿಯಾಗಿ ಗಣಿತವನ್ನೋ ಲೆಕ್ಕಪತ್ರವನ್ನೋ ಹೇಳಿಕೊಡುವುದು. ವಹಿ ಹಿಂತಿರುಗಿಸಲು ಮನೆಗೆ ಹೋದಾಗ ಚಹಾ, ಚಹಾದ ಜೊತೆ ಅವರ ಆಯಿಯ ಪರಿಚಯ. ಶಾಲೆಯಲ್ಲಿ ಇಂಥದೇ ತೊಡಕು ದಾಟಿ ಬಂದ ತೆಲುಗು ಮಾಧ್ಯಮದ ಪದ್ಮಶಾಲಿ ಹುಡುಗರು, ಉರ್ದು ಮಾಧ್ಯಮದ ಹುಡುಗರು ಕನ್ನಡದವರಿಗೆ ಬೇಗ ಹತ್ತಿರವಾದರು. ನಾಲ್ವರ ಗುಂಪಿನಲ್ಲಿ ನಾಲ್ಕು ಮನೆಮಾತು, ಎಲ್ಲರ ನಡುವೆ ಸೊಲ್ಲಾಪುರಿ ಮರಾಠಿ ಎಂಬುದು ಇಲ್ಲಿ ಸಾಮಾನ್ಯ ನೋಟ.

ಅಪ್‌ಡೌನ್

1948ರ ಜೂನ್ 1ರಂದು ಪುಣೆ–ಅಹ್ಮದನಗರ ಮಾರ್ಗದಲ್ಲಿ ಮುಂಬಯಿ ರಾಜ್ಯದ ಸರಕಾರಿ ಬಸ್ಸು ಓಡಾಟ ಶುರುವಾಯಿತು. ಜನರ ಬಾಯಲ್ಲಿ ಅದು 'ಎಸ್.ಟಿ.' ಮುಂದಿನ ದಶಕಗಳಲ್ಲಿ ಎಸ್.ಟಿ. ಅಕ್ಕಲಕೋಟೆಯ ಹಳ್ಳಿಹಳ್ಳಿಗೆ ಹೊಕ್ಕಿತು. ಅಕ್ಕಲಕೋಟೆಯಿಂದ ಸೊಲ್ಲಾಪುರ ಸುಮಾರು 40 ಕಿಲೋಮೀಟರ್. ಬಸ್ಸಿನಲ್ಲಿ ಒಂದು ತಾಸಿನ ದಾರಿ.

ಎಸ್.ಟಿ. ಮೊದಲು ಹೊತ್ತದ್ದು ಡಬ್ಬಿಗಳನ್ನು. ಖಾನಾವಳಿಯ ಹಣ ಕೊಡಲಾಗದ ಮನೆಗಳಿಂದ ತಾಯಂದಿರು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಪಲ್ಯ ಕಟ್ಟಿ ಡಬ್ಬಿಯ ಮೇಲೆ ಮಗನ ಹೆಸರು ಬರೆಸಿ ಬೆಳಗಿನ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ಹುಡುಗರು ಕಾದು ನಿಂತು ಇಳಿಸಿಕೊಳ್ಳುತ್ತಿದ್ದರು; ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ವಾಪಸು. ಒಂದೇ ದಾರಿಯ ಹತ್ತು ಹಳ್ಳಿಯ ಹುಡುಗರು ದಿನವೂ ಅಲ್ಲಿ ಭೇಟಿಯಾಗುತ್ತಿದ್ದರಿಂದ ಬಸ್ ಸ್ಟ್ಯಾಂಡು ಒಂದು ಕಟ್ಟೆಯಾಯಿತು. ಬಂದ ಡಬ್ಬಿಯನ್ನು ಖೋಲಿಯಲ್ಲಿ ಎಲ್ಲರೂ ಬಿಚ್ಚಿ ಕೂಡಿ ಉಣ್ಣುವುದು ಪದ್ಧತಿ.

ಆಮೇಲೆ ಡಬ್ಬಿಯ ಬದಲು ಹುಡುಗರೇ ದಿನವೂ ಓಡಾಡತೊಡಗಿದರು. ವಿದ್ಯಾರ್ಥಿಗಳ ಮಾಸಿಕ ಪಾಸಿಗೆ ಮೂರರಲ್ಲಿ ಎರಡು ಪಾಲು ರಿಯಾಯಿತಿ ಸಿಕ್ಕಿತು. ಹೀಗೆ ದಿನವೂ ಹೋಗಿ ಬರುವುದಕ್ಕೆ 'ಅಪ್‌ಡೌನ್ ಮಾಡುವುದು' ಎಂಬ ಹೆಸರು ಬಿತ್ತು. ದುಧನಿ ಕಡೆಯವರು ರೈಲಿನಲ್ಲೂ ಅಪ್‌ಡೌನ್ ಮಾಡಿದರು. ಖೋಲಿಯ ಹುಡುಗರ ಸ್ನೇಹ ರಾತ್ರಿಯದು, ದೀರ್ಘವಾದದ್ದು. ಅಪ್‌ಡೌನಿನವರದು ಎರಡು ತಾಸಿನದು, ಆದರೆ ತಪ್ಪದೆ ದಿನವೂ ನಡೆಯುವಂಥದು. ಹಿಂದಿನ ಸೀಟು ಹಿರಿಯರದು, ಹೊಸಬರು ಮೊದಲ ತಿಂಗಳು ನಿಂತೇ ಬರಬೇಕು. ಮುಂದಿನ ಊರಿನವನಿಗೆ ಕಿಟಕಿಯಿಂದ ದಸ್ತಿ ಹಾಕಿ ಜಾಗ ಹಿಡಿಯುವುದು ಗೆಳೆತನದ ಪುರಾವೆ. ಇದರ ಇನ್ನೊಂದು ಮುಖವೂ ಇತ್ತು. ಕೊನೆಯ ಬಸ್ಸಿನ ಚಿಂತೆಯಿಂದ ಅಪ್‌ಡೌನಿನವರಿಗೆ ಸಂಜೆಯ ನಾಟಕದ ತಾಲೀಮು, ಆಟ, ಗ್ರಂಥಾಲಯ ದಕ್ಕಲಿಲ್ಲ; ನಗರದ ಸಹಪಾಠಿಗಳ ನಂಟು ತರಗತಿಯ ಬಾಗಿಲಲ್ಲೇ ಮುಗಿಯುತ್ತಿತ್ತು.

ಹೆಣ್ಣುಮಕ್ಕಳ ಮಟ್ಟಿಗೆ ಎಸ್.ಟಿ. ಮಾಡಿದ ಬದಲಾವಣೆ ಇನ್ನೂ ದೊಡ್ಡದು. ಹಿಂದೆ ಊರು ಬಿಟ್ಟು ಓದುವ ಹುಡುಗಿಗೆ ಸಂಬಂಧಿಕರ ಮನೆ ಇಲ್ಲವೆ ಸೊಲ್ಲಾಪುರದ ಶ್ರಾವಿಕಾಶ್ರಮದಂಥ ಸಂಸ್ಥೆ ಬೇಕಿತ್ತು. ಪಂಡಿತಾ ಸುಮತಿಬಾಯಿ ಶಹಾ ಬೆಳೆಸಿದ ಈ ಜೈನ ಸಂಸ್ಥೆ ಹೆಣ್ಣುಮಕ್ಕಳ ಓದಿಗೆ ನೆರಳಾಗಿತ್ತು. ರಾತ್ರಿ ಮಗಳು ಮನೆಯಲ್ಲೇ ಇರುತ್ತಾಳೆಂಬ ಭರವಸೆಯ ಮೇಲೆ ಅನೇಕ ಮನೆಗಳು ಅಪ್‌ಡೌನಿಗೆ ಒಪ್ಪಿದವು. ಶಾಲೆಯ ಹುಡುಗಿಯರಿಗೆ ಅಹಿಲ್ಯಾಬಾಯಿ ಹೋಳ್ಕರ್ ಯೋಜನೆಯಲ್ಲಿ ಪಾಸು ಉಚಿತವಾಯಿತು. 'ಅವರ ಮಗಳು ಹೋಗುತ್ತಾಳೆ' ಎಂಬುದು ಇನ್ನೊಬ್ಬಳನ್ನು ಕಳಿಸಲು ಸಾಕಾಗುವ ಕಾರಣ. ಹಾಗಾಗಿ ಹುಡುಗಿಯರ ಜೋಡಿಗಳು ಎಷ್ಟೋ ಸಲ ಪ್ರವೇಶಕ್ಕೆ ಮುಂಚೆಯೇ ಊರಿನಲ್ಲಿ ಕೂಡಿರುತ್ತಿದ್ದವು. ಒಬ್ಬಳಿಗೆ ಮದುವೆ ಗೊತ್ತಾಗಿ ಓದು ನಿಂತರೆ ಮತ್ತೊಬ್ಬಳ ಓದೂ ನಿಲ್ಲುವ ಭಯ ಈ ಜೋಡಿಗಳ ಬೆನ್ನಿಗಿತ್ತು.

ಗ್ಯಾದರಿಂಗ್, ಶಿಬಿರ, ಚುನಾವಣೆ

ಕಾಲೇಜು ತಾನೇ ಒದಗಿಸಿದ ಕೂಟಗಳಲ್ಲಿ ಹಳೆಯದು ವಾರ್ಷಿಕ ಸ್ನೇಹಸಮ್ಮೇಳನ, ಬಾಯಿಮಾತಿನಲ್ಲಿ 'ಗ್ಯಾದರಿಂಗ್'. ನಾಟಕ, ಹಾಡು, ರಂಗೋಲಿ, ಜೊತೆಗೆ 'ಫಿಶ್‌ಪಾಂಡ್'. ಹೆಸರು ಹಾಕದೆ ಯಾರ ಮೇಲಾದರೂ ತಮಾಷೆಯ ಸಾಲು ಬರೆದು ಪೆಟ್ಟಿಗೆಗೆ ಹಾಕುವುದು, ಅದನ್ನು ಎಲ್ಲರೆದುರು ಓದುವುದು. ತನ್ನ ಮೇಲೊಂದು ಚೀಟಿ ಬಂತೆಂದರೆ ಕಾಲೇಜಿಗೆ ತನ್ನ ಗುರುತು ಸಿಕ್ಕಿದೆ ಎಂದು ಹೊಸಬ ಸಮಾಧಾನಪಡುತ್ತಿದ್ದ. ಚೀಟಿ ಹರಿತವಾಗಿದ್ದರೆ ನೋವೂ ಆಗುತ್ತಿತ್ತು.

1969ರಲ್ಲಿ ಗಾಂಧಿ ಶತಮಾನೋತ್ಸವದ ವರ್ಷ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಅದರ ಹಳ್ಳಿಯ ಶಿಬಿರಗಳು ಅಪ್‌ಡೌನಿನ ಕೊರತೆಯನ್ನು ಒಂದಿಷ್ಟು ತುಂಬಿದವು. ವಾರವಿಡೀ ಶಾಲೆಯ ಕೋಣೆಯಲ್ಲಿ ಮಲಗಿ, ಹಗಲು ರಸ್ತೆ ಒಡ್ಡಿನ ಶ್ರಮದಾನ ಮಾಡಿ, ರಾತ್ರಿ ಹಾಡುಹರಟೆಯಲ್ಲಿ ಕಳೆಯುವಾಗ ನಗರದವನು ಹಳ್ಳಿಯವನ ಕೈಗುಣ ಕಂಡ. ಕನ್ನಡ ಹಳ್ಳಿಯಲ್ಲಿ ಶಿಬಿರವಾದರೆ ದುಭಾಷಿಯ ಕೆಲಸ ಕನ್ನಡ ಹುಡುಗನಿಗೇ. ತರಗತಿಯಲ್ಲಿ ಹಿಂದೆ ಕೂರುತ್ತಿದ್ದವನು ಆ ವಾರ ಎಲ್ಲರಿಗೂ ಬೇಕಾದವನಾಗುತ್ತಿದ್ದ. 1962ರಿಂದ ಸೊಲ್ಲಾಪುರದ ಕಾಲೇಜುಗಳು ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದರಿಂದ ಯುವ ಮಹೋತ್ಸವಗಳು ಸಾಂಗಲಿ, ಸಾತಾರೆ, ಕೊಲ್ಲಾಪುರದ ಹುಡುಗರ ಪರಿಚಯವನ್ನೂ ತಂದವು.

ವಿದ್ಯಾರ್ಥಿ ಮಂಡಳದ ಜಿ.ಎಸ್. (ಜನರಲ್ ಸೆಕ್ರೆಟರಿ) ಚುನಾವಣೆ ಇನ್ನೊಂದು ದಾರಿ. ಹೊಸ ವಿದ್ಯಾರ್ಥಿಯ ಮತ ಎಲ್ಲರಿಗೂ ಬೇಕಾಗಿದ್ದರಿಂದ ಹಿರಿಯರೇ ಬಂದು ಹೆಗಲ ಮೇಲೆ ಕೈ ಹಾಕುತ್ತಿದ್ದರು. ತಾಲೂಕು, ಜಾತಿ, ಭಾಷೆಯ ಲೆಕ್ಕದಲ್ಲಿ ಗುಂಪುಗಳಾಗುತ್ತಿದ್ದವು. ಹಿಂಸೆ ಹೆಚ್ಚಿದ ಕಾರಣ 1994ರ ವಿಶ್ವವಿದ್ಯಾಲಯ ಕಾಯ್ದೆಯ ಹೊತ್ತಿಗೆ ಮಹಾರಾಷ್ಟ್ರದಲ್ಲಿ ನೇರ ಚುನಾವಣೆ ನಿಂತಿತು. ಪರಿಚಯದ ಹೆಸರಿನಲ್ಲಿ ಹೊಸಬರನ್ನು ಹಿಂಸಿಸುವುದನ್ನು ತಡೆಯಲು 1999ರಲ್ಲಿ ಮಹಾರಾಷ್ಟ್ರ ರ‍್ಯಾಗಿಂಗ್ ನಿಷೇಧ ಕಾಯ್ದೆ ತಂದಿತು.

ಜಾತ್ರೆ, ಎಳ್ಳ ಅಮಾವಾಸ್ಯೆ, ಸೀತನಿ

ಕಾಲೇಜಿನ ಹೊರಗಿನ ಕೂಟಗಳು ಋತುವಿಗೆ ತಕ್ಕಂತೆ ಬರುತ್ತಿದ್ದವು. ಭಾದ್ರಪದದಲ್ಲಿ ಗಣೇಶ ಮಂಡಳಗಳ ಲೇಝೀಮ್ ತಾಲೀಮು: ಆಗ ಕಾಲೇಜು ಶುರುವಾಗಿ ಎರಡು ಮೂರು ತಿಂಗಳು, ಓಣಿಯ ಹುಡುಗರೊಂದಿಗೆ ಹೆಜ್ಜೆ ಕೂಡಿಸಿದ ಖೋಲಿಯ ಹುಡುಗ ಆ ಓಣಿಯವನೇ ಆಗಿಬಿಡುತ್ತಿದ್ದ.

ಮಾರ್ಗಶಿರದ ಕೊನೆಗೆ ಎಳ್ಳ ಅಮಾವಾಸ್ಯೆ. ಈ ಹಬ್ಬವನ್ನು ಸೊಲ್ಲಾಪುರ, ಲಾತೂರ ಕಡೆಯ ಮರಾಠಿ ರೈತರೂ 'ವೇಳ ಅಮಾವಾಸ್ಯಾ' ಎಂದು ಆಚರಿಸುತ್ತಾರೆ. ಕನ್ನಡದ ಹೆಸರು ಮರಾಠಿ ಬಾಯಲ್ಲಿ ಹೀಗಾಗಿದೆ. ಅಂದು ಮನೆಮಂದಿ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುತ್ತಾರೆ. ಹೊಲವಿಲ್ಲದವರನ್ನು ಕರೆದು ಉಣಿಸುವುದು ಸಂಪ್ರದಾಯ. ಆದ್ದರಿಂದ ನಗರದ ಗೆಳೆಯರನ್ನು ಊರಿಗೆ ಕರೆದುಕೊಂಡು ಹೋಗಲು ಇದೇ ತಕ್ಕ ದಿನ. ಅದರ ಹಿಂದೆಯೇ ಹಾಲುಗಾಳಿನ ಜೋಳದ ತೆನೆ ಸುಟ್ಟು ತಿನ್ನುವ ಸೀತನಿ, ಮರಾಠಿಯ 'ಹುರ್ಡಾ', ಬರುತ್ತದೆ. ಮಾಲದಂಡಿ ಜೋಳಕ್ಕೆ ಹೆಸರಾದ ಈ ಜಿಲ್ಲೆಯಲ್ಲಿ ಕೆಂಡದ ಗುಂಡಿಯ ಸುತ್ತ ಕೂತು ಬಿಸಿ ಕಾಳನ್ನು ಅಂಗೈಯಲ್ಲಿ ತಿಕ್ಕಿ ಶೇಂಗಾ ಚಟ್ನಿಯೊಡನೆ ತಿನ್ನುವುದು ಗೆಳೆಯರ ಊಟವೆಂದೇ ಲೆಕ್ಕ. ನಗರದಲ್ಲಿ ಸಂಕೋಚದಿಂದಿದ್ದ ಹಳ್ಳಿಯ ಹುಡುಗ ಇಲ್ಲಿ ಯಜಮಾನನಾಗುತ್ತಿದ್ದ. ಆ ಮೇಲೆ ಸ್ನೇಹದಲ್ಲಿ ಮೇಲು ಕೆಳಗಿನ ಭಾವ ಕಡಿಮೆಯಾಗುತ್ತಿತ್ತು.

ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆ. ಏಳು ನಂದಿಧ್ವಜಗಳು 68 ಲಿಂಗಗಳಿಗೆ ಸುತ್ತು ಹಾಕುತ್ತವೆ; ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಬೇರೆ ಬೇರೆ ಸಮಾಜದವರು. ಮೊದಲ ದಿನದ ವಿಧಿಯನ್ನು ಮರಾಠಿ ಪತ್ರಿಕೆಗಳೂ 'ಯಣ್ಣಿಮಜ್ಜನ' ಎಂದೇ ಬರೆಯುತ್ತವೆ, ಅದು ಎಣ್ಣೆಮಜ್ಜನ. ಮರುದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ, ಆಮೇಲೆ ಹೋಮ, ಮದ್ದಿನ ಆಟ. ಕನ್ನಡ ಹುಡುಗನ ಮನೆಮಾತು ಮರಾಠಿ ಗೆಳೆಯನ ಊರಹಬ್ಬದೊಳಗೇ ಇದೆ ಎಂಬುದು ಇಬ್ಬರಿಗೂ ತಿಳಿಯುವ ದಿನಗಳಿವು.

2004ರ ನಂತರ

2004ರ ಆಗಸ್ಟ್‌ನಲ್ಲಿ ಒಂದೇ ಜಿಲ್ಲೆಗೆ ಸೀಮಿತವಾದ ಸೊಲ್ಲಾಪುರ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು; 2019ರಲ್ಲಿ ಅದಕ್ಕೆ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಹೆಸರಿಟ್ಟರು. ಅಕ್ಕಲಕೋಟೆಯಲ್ಲೇ ಈಗ ಸಿ.ಬಿ. ಖೇಡಗಿ ಹೆಸರಿನ ಕಾಲೇಜಿದೆ. ಅದರ ವಿಜ್ಞಾನ ವಿಭಾಗ ಬಸವೇಶ್ವರರ ಹೆಸರಿನಲ್ಲಿ, ವಾಣಿಜ್ಯ ಮತ್ತು ಕಲಾ ವಿಭಾಗಗಳು ಸಂಸ್ಥಾನದ ರಾಜರಾದ ವಿಜಯಸಿಂಹ, ಜಯಸಿಂಹರ ಹೆಸರಿನಲ್ಲಿವೆ. ಊರಿನ ಎರಡು ಪರಂಪರೆಗಳು ಒಂದೇ ಫಲಕದಲ್ಲಿ ಕೂಡಿವೆ. ಕಾಲೇಜು ಇಷ್ಟು ಹತ್ತಿರವಾದ ಮೇಲೆ ಅನೇಕರಿಗೆ ಶಾಲೆಯ ಗೆಳೆಯರೇ ಕಾಲೇಜಿನ ಗೆಳೆಯರೂ ಆಗಿ ಉಳಿಯುತ್ತಾರೆ. ಪ್ರವೇಶದ ಪಟ್ಟಿ ಹೊರಬಿದ್ದ ದಿನವೇ ವಾಟ್ಸಾಪ್ ಗುಂಪು ಕಟ್ಟಿ, ಮುಖ ನೋಡುವ ಮುಂಚೆ ಹೆಸರು ತಿಳಿಯುವ ಪದ್ಧತಿಯೂ ಬಂದಿದೆ. ಗುಂಪಿನ ಮಾತು ಎಷ್ಟೋ ಸಲ ರೋಮನ್ ಲಿಪಿಯಲ್ಲಿ ಬರೆದ ಮರಾಠಿ. ಅದರೊಳಗೆ ಊರಿನವರದೇ ಒಂದು ಚಿಕ್ಕ ಕನ್ನಡ ಗುಂಪು ಬೇರೆ.

ಪದವಿ ಮುಗಿದ ಮೇಲೆ ಸ್ಪರ್ಧಾ ಪರೀಕ್ಷೆಗೋ ನೌಕರಿಗೋ ಈ ಹುಡುಗ ಹುಡುಗಿಯರಲ್ಲಿ ಅನೇಕರು ಪುಣೆಯ ರೈಲು ಹತ್ತುತ್ತಾರೆ. ಅಲ್ಲಿ ಊರಿನ ಹಿರಿಯನೊಬ್ಬ ಖೋಲಿ ಹುಡುಕಿಕೊಡುತ್ತಾನೆ, ಮೂರು ನಾಲ್ಕು ಜನ ಪಾರ್ಟನರ್‌ಗಳಾಗುತ್ತಾರೆ, ಮೆಸ್ಸಿನಲ್ಲಿ ರವಿವಾರ ರಾತ್ರಿ ಸುಟಿ ಇರುತ್ತದೆ. ಊರಿನಿಂದ ಬರುವ ಬಸ್ಸು ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿಯನ್ನು ಈಗಲೂ ತರುತ್ತದೆ.